ನೆಲ್ಲಿಯ ರೆಂಬೆಯನ್ನು ಸಂಯುಕ್ತ ಎಲೆ ಎಂದು ಬರೆದೆ: ಸಸ್ಯದ ಭಾಗಗಳನ್ನು ಗುರುತಿಸುವ ಕ್ರಮ ಯಾವುದು?

ಎಳೆಚಿಗುರು ಕೇಳಿದ ಪ್ರಶ್ನೆ

ಹೂಬಿಡುವ ಸಸ್ಯಗಳ ಬಾಹ್ಯ ರಚನೆಯ ಅಧ್ಯಾಯ ನಮ್ಮ ಜೀವಶಾಸ್ತ್ರ ತರಗತಿಯಲ್ಲಿ ಮುಗಿದು ಮೂರು ವಾರಗಳಾದವು. ಬೇರು, ಕಾಂಡ, ಎಲೆ, ಹೂಗೊಂಚಲು, ಹೂವು, ಹಣ್ಣು, ಬೀಜ ಎಂಬ ಕ್ರಮದಲ್ಲಿ ಪಾಠ ನಡೆಯಿತು. ವ್ಯಾಖ್ಯೆಗಳೆಲ್ಲ ಬಾಯಿಗೆ ಬರುತ್ತವೆ. ಪರ್ಯಾಯ, ಅಭಿಮುಖ, ಸುತ್ತು ಎಂಬ ಮೂರು ಬಗೆಯ ಪರ್ಣವಿನ್ಯಾಸವನ್ನು ನಿದ್ದೆಗಣ್ಣಿನಲ್ಲಿ ಕೇಳಿದರೂ ಹೇಳಬಲ್ಲೆ. ಆದರೆ ಕಳೆದ ವಾರ ಪ್ರಯೋಗಾಲಯದಲ್ಲಿ ಹೆಸರು ಬರೆಯದ ಐದು ಮಾದರಿಗಳನ್ನು ಮೇಜಿನ ಮೇಲಿಟ್ಟು ಒಂದೊಂದನ್ನೂ ವಿವರಿಸಲು ಹೇಳಿದಾಗ ಮೂರನ್ನು ತಪ್ಪಾಗಿ ಬರೆದೆ.

ಮೊದಲನೆಯದು ನೆಲ್ಲಿಯ ಒಂದು ಕಡ್ಡಿ. ತೆಳುವಾದ ದಿಂಡಿನ ಎರಡೂ ಬದಿಗೆ ಸಣ್ಣ ಎಲೆಗಳು ಗರಿಯಂತೆ ಸಾಲಾಗಿ ಜೋಡಿಸಿಕೊಂಡಿದ್ದವು, ಆದ್ದರಿಂದ ಗರಿರೂಪದ ಸಂಯುಕ್ತ ಎಲೆ ಎಂದು ಬರೆದೆ. ಅದು ಸರಳ ಎಲೆಗಳಿರುವ ರೆಂಬೆಯಂತೆ. ಎರಡನೆಯದು ಪಾಪಾಸುಕಳ್ಳಿಯ ಚಪ್ಪಟೆ ತುಂಡು. ರಸಭರಿತ ಎಲೆ ಎಂದು ಬರೆದೆ, ಅದು ಕಾಂಡವಂತೆ. ಮೂರನೆಯದು ದಾಸವಾಳದ ಹೂವು. ಮಧ್ಯದಲ್ಲಿ ಉದ್ದಕ್ಕೆ ಚಾಚಿಕೊಂಡಿದ್ದ ಕೊಳವೆಗೆ ಶಲಾಕಾನಳಿಕೆ, ಅಂದರೆ ಹೂವಿನ ಹೆಣ್ಣುಭಾಗವಾದ ಶಲಾಕೆಯ ನಳಿಕೆ, ಎಂದು ಹೆಸರು ಹಚ್ಚಿದೆ, ಅದೂ ತಪ್ಪಾಯಿತು. ಉತ್ತರಪತ್ರಿಕೆಯಲ್ಲಿ ಸರಿಯುತ್ತರಗಳನ್ನು ಕೆಂಪು ಶಾಯಿಯಲ್ಲಿ ಬರೆದುಕೊಟ್ಟರು, ಆದರೆ ಆ ಉತ್ತರವನ್ನು ನೋಡಿ ತಿಳಿಯುವ ಬಗೆ ಯಾವುದು ಎಂದು ಕೇಳುವಷ್ಟರಲ್ಲಿ ಅವಧಿ ಮುಗಿದಿತ್ತು.

ನನ್ನ ಪ್ರಶ್ನೆ ಇದು. ಇಂಥ ಉದಾಹರಣೆಗಳ ಪಟ್ಟಿಯನ್ನು ಬಾಯಿಪಾಠ ಮಾಡುವುದೊಂದೇ ದಾರಿಯೇ, ಅಥವಾ ಹಿಂದೆಂದೂ ನೋಡದ ಗಿಡವನ್ನು ಕೈಗೆ ಕೊಟ್ಟರೂ ಇದು ಎಲೆ, ಇದು ಕಾಂಡ ಎಂದು ತೀರ್ಮಾನಿಸಲು ಒಂದು ಕ್ರಮವಿದೆಯೇ? ಇದ್ದರೆ ಮೊದಲು ಎಲ್ಲಿ ನೋಡಬೇಕು?

ಕೈಮಸೂರ ಅವರ ಉತ್ತರ

ಕ್ರಮವಿದೆ. ನೀವು ಆಕಾರವನ್ನು ನೋಡಿ ಹೆಸರಿಟ್ಟಿರಿ, ಸ್ಥಾನವನ್ನು ನೋಡಿ ಇಡಬೇಕಿತ್ತು. ಮೂರೂ ತಪ್ಪುಗಳ ಮೂಲ ಅದೊಂದೇ. ಎಲೆ ದಪ್ಪಗಾಗಬಹುದು, ಮುಳ್ಳಾಗಬಹುದು, ಬಳ್ಳಿಯ ಕುಡಿಯಾಗಬಹುದು. ಕಾಂಡ ಚಪ್ಪಟೆಯಾಗಿ ಎಲೆಯ ವೇಷ ಹಾಕಬಹುದು. ವೇಷ ಎಷ್ಟೇ ಬದಲಾದರೂ ಒಂದು ಅಂಗ ಇನ್ನೊಂದರ ಯಾವ ಬದಿಯಲ್ಲಿ ಹುಟ್ಟುತ್ತದೆ ಎಂಬುದು ಸಾಮಾನ್ಯವಾಗಿ ಬದಲಾಗುವುದಿಲ್ಲ.

ಕಾಂಡದ ಮೇಲೆ ಎಲೆ ಹುಟ್ಟುವ ಜಾಗವೇ ಗೆಣ್ಣು, ಎರಡು ಗೆಣ್ಣುಗಳ ನಡುವಿನ ಭಾಗ ಗೆಣ್ಣಂತರ. ಎಲೆಯ ತೊಟ್ಟು ಕಾಂಡವನ್ನು ಸೇರುವಲ್ಲಿ ಮೇಲ್ಬದಿಗೆ ಒಂದು ಮೂಲೆಯಾಗುತ್ತದಲ್ಲ, ಅದನ್ನು ಎಲೆಯ ಕಂಕುಳು ಎನ್ನುತ್ತೇವೆ. ನಿಮ್ಮ ಪುಸ್ತಕದಲ್ಲಿ ಅದಕ್ಕೆ ಕಕ್ಷ ಎಂಬ ಪದವಿರಬಹುದು. ಆ ಕಂಕುಳಲ್ಲಿ ಒಂದು ಮೊಗ್ಗು ಇರುತ್ತದೆ. ಅದು ಬೆಳೆದರೆ ಕೊಂಬೆ ಅಥವಾ ಹೂವಾಗುತ್ತದೆ, ಬೆಳೆಯದಿದ್ದರೆ ಸಾಸಿವೆ ಕಾಳಿಗಿಂತ ಸಣ್ಣ ಉಬ್ಬಾಗಿ ಹಾಗೆಯೇ ಉಳಿಯುತ್ತದೆ. ಇದರಿಂದ ಎರಡು ಮಾತು ಹೊರಡುತ್ತವೆ. ಯಾವುದರ ಕಂಕುಳಲ್ಲಿ ಮೊಗ್ಗಿದೆಯೋ ಅದು ಎಲೆ. ಕಂಕುಳಿನಿಂದ ಯಾವುದು ಹೊರಟಿದೆಯೋ ಅದು ಕಾಂಡ ಅಥವಾ ಕಾಂಡದ ರೂಪಾಂತರ.

ಈಗ ಬೇವಿನ ಒಂದು ಗರಿಯನ್ನು ನೆಲ್ಲಿಯ ಕಡ್ಡಿಯ ಪಕ್ಕದಲ್ಲಿಟ್ಟು ನೋಡಿ. ಬೇವಿನ ಪ್ರತಿಯೊಂದು ಕಿರುಎಲೆಯ ಬುಡವನ್ನು ಸೂಜಿಯ ತುದಿಯಿಂದ ಸರಿಸಿ ಮಸೂರದಲ್ಲಿ ಪರೀಕ್ಷಿಸಿದರೆ ಅಲ್ಲಿ ಮೊಗ್ಗಿರುವುದಿಲ್ಲ. ಇಡೀ ಗರಿ ಕೊಂಬೆಯನ್ನು ಸೇರುವ ದಪ್ಪ ಬುಡದ ಮೇಲ್ಬದಿಗೆ ಮಾತ್ರ ಒಂದು ಮೊಗ್ಗು ಕುಳಿತಿರುತ್ತದೆ. ಹಾಗಾದರೆ ಆ ಗರಿ ಪೂರ್ತಿಯಾಗಿ ಒಂದೇ ಎಲೆ. ನೆಲ್ಲಿಯಲ್ಲಿ ಇದು ತಿರುಗುಮುರುಗು: ಒಂದೊಂದು ಪುಟ್ಟ ಎಲೆಯ ಬುಡದಲ್ಲೂ ಕಂಕುಳಿದೆ, ಹೂಬಿಡುವ ಕಾಲದಲ್ಲಿ ಆ ಕಂಕುಳುಗಳಲ್ಲೇ ಹಸಿರು ಹಳದಿ ಬಣ್ಣದ ಸಣ್ಣ ಹೂಗಳು ಗುಂಪಾಗಿ ಮೂಡುತ್ತವೆ. ಕಿರುಎಲೆಯ ಕಂಕುಳಲ್ಲಿ ಹೂ ಬಿಡುವ ಸಂಯುಕ್ತ ಎಲೆಯನ್ನು ನಾನಂತೂ ಕಂಡಿಲ್ಲ. ನೆಲ್ಲಿಯ ಹೂಗಾಲ ತಪ್ಪಿಹೋಗಿದ್ದರೆ ಅದೇ ಕುಲದ ನೆಲನೆಲ್ಲಿಯನ್ನು ಕಿತ್ತು ಕಡ್ಡಿಯನ್ನು ಮಗುಚಿ ಹಿಡಿಯಿರಿ. ಎಲೆಗಳ ಅಡಿಯಲ್ಲಿ ಮಣಿ ಪೋಣಿಸಿದಂತೆ ಒಂದೊಂದು ಕಾಯಿ ನೇತಾಡುತ್ತಿರುತ್ತದೆ. ಆ ಕಾಯಿಗಳೇ ಸಾಕ್ಷಿ. ಅಂದಹಾಗೆ, ನೆಲ್ಲಿಯ ಮುಂದೆ ಸೋತುದಕ್ಕೆ ನೀವು ನಾಚಬೇಕಾಗಿಲ್ಲ. ಆ ಸಣ್ಣ ರೆಂಬೆಗಳು ಒಂದೇ ಸಮತಲದಲ್ಲಿ ಎಲೆ ಜೋಡಿಸಿಕೊಳ್ಳುತ್ತವೆ, ಕಾಲ ಬಂದಾಗ ಎಲೆಯಂತೆಯೇ ಇಡಿಯಾಗಿ ಉದುರುತ್ತವೆ. ಸಂಯುಕ್ತ ಎಲೆಯ ನಟನೆಯನ್ನು ಅದರಷ್ಟು ಚೆನ್ನಾಗಿ ಮಾಡುವ ಗಿಡಗಳು ಕಡಿಮೆ.

ಪಾಪಾಸುಕಳ್ಳಿಗೂ ಇದೇ ಪರೀಕ್ಷೆ. ಚಪ್ಪಟೆ ತುಂಡಿನ ಮೇಲೆ ಕ್ರಮವಾಗಿ ಹರಡಿರುವ ಸಣ್ಣ ಮೆತ್ತನೆಯ ಚುಕ್ಕೆಗಳಿವೆ. ಒಂದೊಂದು ಚುಕ್ಕೆಯೂ ಒಂದು ಕಂಕುಳ ಮೊಗ್ಗಿನ ಜಾಗ. ಮುಳ್ಳುಗಳು ಅಲ್ಲಿಂದ ಹೊರಡುತ್ತವೆ, ಹೂವು ಮತ್ತು ಹೊಸ ತುಂಡುಗಳೂ ಅಲ್ಲಿಂದಲೇ ಹುಟ್ಟುತ್ತವೆ. ಎಳೆಯ ತುಂಡಿನಲ್ಲಿ ಪ್ರತಿ ಚುಕ್ಕೆಯ ಕೆಳಗೆ ಮೊಳೆಯಂತಹ ಒಂದು ಪುಟ್ಟ ಎಲೆಯೂ ಕೆಲವು ದಿನ ಇದ್ದು ಉದುರಿಹೋಗುತ್ತದೆ. ಎಲೆ ಹೊತ್ತು, ಕಂಕುಳಲ್ಲಿ ಮೊಗ್ಗು ಹೊತ್ತು, ಹೂಬಿಡುವ ವಸ್ತು ಕಾಂಡವಲ್ಲದೆ ಬೇರೇನಾಗಲು ಸಾಧ್ಯ? ಅದರ ಮುಳ್ಳುಗಳು ಆ ಕಂಕುಳ ಮೊಗ್ಗು ಬಿಡುವ ಎಲೆಗಳ ರೂಪಾಂತರಗಳು.

ಮುಳ್ಳು ಎಂಬ ಒಂದೇ ಪದದಡಿ ಕನ್ನಡದಲ್ಲಿ ಮೂರು ಬೇರೆ ವಸ್ತುಗಳು ಸೇರಿಕೊಂಡಿರುವುದು ನಿಮಗೆ ಮುಂದೆ ತೊಂದರೆ ಕೊಡುತ್ತದೆ. ಕಳ್ಳಿಯದು ಎಲೆಯ ಮುಳ್ಳು. ಬೋಗನ್‌ವಿಲ್ಲಾ ಮತ್ತು ನಿಂಬೆಯ ಮುಳ್ಳುಗಳು ಎಲೆಯ ಕಂಕುಳಿನಿಂದ ಹೊರಟಿರುವುದರಿಂದ ಅವು ಕಾಂಡದ ರೂಪಾಂತರ. ಗುಲಾಬಿಯದಕ್ಕೆ ಗೆಣ್ಣೂ ಇಲ್ಲ, ಕಂಕುಳೂ ಇಲ್ಲ. ಗೆಣ್ಣಂತರದ ಮೇಲೆ ಎಲ್ಲೆಂದರಲ್ಲಿ ಮೂಡಿರುತ್ತದೆ. ಹೆಬ್ಬೆರಳಿನಿಂದ ಪಕ್ಕಕ್ಕೆ ಒತ್ತಿದರೆ ಒಳಗಿನ ಕಟ್ಟಿಗೆಗೆ ಏನೂ ಆಗದೆ ಚಕ್ಕೆಯಂತೆ ಕಳಚಿ ಬರುತ್ತದೆ, ಏಕೆಂದರೆ ಅದು ಸಿಪ್ಪೆಯ ಹೊರಪದರಗಳ ಬೆಳವಣಿಗೆ ಮಾತ್ರ. ನಿಂಬೆಯ ಮುಳ್ಳನ್ನು ಹಾಗೆ ಕಳಚಲು ಪ್ರಯತ್ನಿಸಿದರೆ ಕೊಂಬೆಯ ನಾರೂ ಕಿತ್ತುಬರುತ್ತದೆ.

ಎಳೆಚಿಗುರು

ಬಹಳ ಉಪಕಾರವಾಯಿತು. ಬೇವನ್ನೂ ನೆಲನೆಲ್ಲಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದೆ, ವ್ಯತ್ಯಾಸ ಸ್ಪಷ್ಟವಾಗಿ ಕಂಡಿತು. ಆದರೆ ನೆಲದೊಳಗಿನ ಅಂಗಗಳಲ್ಲಿ ಸಂದೇಹ ಉಳಿದಿದೆ. ಆಲೂಗೆಡ್ಡೆ ಕಾಂಡ, ಗೆಣಸು ಬೇರು ಎಂದು ಓದಿದ್ದೇವೆ. ಆಲೂಗೆಡ್ಡೆಯಲ್ಲಿ ಮೊಳಕೆ ಬರುವುದರಿಂದ ಅದು ಕಾಂಡ ಎಂಬುದು ನಮ್ಮಲ್ಲಿ ಎಲ್ಲರೂ ಬರೆಯುವ ಕಾರಣ. ಆದರೆ ಮೂಲೆಯಲ್ಲಿ ಬಿಟ್ಟ ಗೆಣಸಿನಿಂದಲೂ ಚಿಗುರು ಬಂದದ್ದನ್ನು ನಾನೇ ಕಂಡಿದ್ದೇನೆ. ಹಾಗಾದರೆ ಆ ಕಾರಣ ನಿಲ್ಲುತ್ತದೆಯೇ?

ಕೈಮಸೂರ

ನಿಲ್ಲುವುದಿಲ್ಲ. ಮೊಳಕೆ ಬರುತ್ತದೆ ಎಂಬುದಷ್ಟೇ ಸಾಕ್ಷಿಯಲ್ಲ, ಮೊಳಕೆ ಯಾವ ಜಾಗದಿಂದ ಬರುತ್ತದೆ ಎಂಬುದು ಸಾಕ್ಷಿ. ಆಲೂಗೆಡ್ಡೆಯ ಒಂದು ಕಣ್ಣನ್ನು ಬೆಳಕಿಗೆ ಹಿಡಿದು ನೋಡಿ. ಗುಳಿಯ ಒಂದು ಅಂಚಿನಲ್ಲಿ ಹುಬ್ಬಿನಂತೆ ಬಾಗಿದ ಗೆರೆಯಿದೆ. ಅದು ಉದುರಿಹೋದ ಹುರುಪೆಯಂತಹ ಎಲೆಯ ಕಲೆ. ಗುಳಿಯೊಳಗಿನ ಮೊಗ್ಗು ಆ ಎಲೆಯ ಕಂಕುಳ ಮೊಗ್ಗು. ಕಣ್ಣುಗಳು ಎಲ್ಲೆಂದರಲ್ಲಿ ಬಿದ್ದಿಲ್ಲ: ಒಂದೊಂದು ಕಣ್ಣಿಗೂ ಒಂದು ಗುಂಡುಸೂಜಿ ಚುಚ್ಚಿ, ಗೆಡ್ಡೆ ಗಿಡಕ್ಕೆ ಅಂಟಿಕೊಂಡಿದ್ದ ತುದಿಯಿಂದ ಪ್ರಾರಂಭಿಸಿ ದಾರ ಸುತ್ತುತ್ತ ಹೋದರೆ ದಾರ ಸುರುಳಿಯಾಗಿ ಏರುತ್ತದೆ, ಇನ್ನೊಂದು ತುದಿಗೆ ಬಂದಂತೆ ಕಣ್ಣುಗಳು ಒತ್ತಾಗುತ್ತವೆ. ಅದು ಪರ್ಯಾಯ ಪರ್ಣವಿನ್ಯಾಸದ ಕೊಂಬೆ, ಉದ್ದ ಕಡಿಮೆಯಾಗಿ ಊದಿಕೊಂಡಿದೆ ಅಷ್ಟೆ.

ಗೆಣಸಿನ ಮೇಲೆ ಆ ಹುಬ್ಬನ್ನು ಹುಡುಕಿ, ಸಿಗುವುದಿಲ್ಲ. ಅಲ್ಲಿ ಬರುವ ಚಿಗುರು ಆಗಂತುಕ ಮೊಗ್ಗಿನಿಂದ ಬಂದದ್ದು. ಅದಕ್ಕೆ ಎಲೆಯೂ ಇಲ್ಲ, ಗೆಣ್ಣೂ ಇಲ್ಲ, ಗೊತ್ತಾದ ಜಾಗವೂ ಇಲ್ಲ. ಬದಲಾಗಿ ಗೆಣಸಿನ ಮೈಮೇಲೆ ದಾರದಂತಹ ಪಕ್ಕಬೇರುಗಳಿರುತ್ತವೆ. ಕಾಂಡದ ಕವಲು ಹೊರಪದರದಲ್ಲಿ ಹುಟ್ಟುತ್ತದೆ, ಬೇರಿನ ಕವಲು ಒಳಗಿನಿಂದ ಹುಟ್ಟಿ ಹೊರಪದರವನ್ನು ಸೀಳಿಕೊಂಡು ಬರುತ್ತದೆ ಎಂಬುದನ್ನು ಇಲ್ಲಿಯೇ ಕತ್ತರಿಸಿ ನೋಡಬಹುದು. ಶುಂಠಿಯನ್ನೂ ನೋಡಿ: ಸುತ್ತಲೂ ಉಂಗುರದಂತಹ ಗೆರೆಗಳು ಗೆಣ್ಣುಗಳು, ಅದರ ಮೇಲಿನ ಒಣಸಿಪ್ಪೆ ಎಲೆ. ಇನ್ನು ಆಲದ ಬಿಳಲು ಗಾಳಿಯಲ್ಲಿ ತೂಗುತ್ತಿದ್ದರೂ ಅದರಲ್ಲಿ ಗೆಣ್ಣಿಲ್ಲ, ಎಲೆಯಿಲ್ಲ, ಆದ್ದರಿಂದ ಬೇರು. ನೆಲದ ಒಳಗೋ ಹೊರಗೋ ಎಂಬುದು ಪ್ರಶ್ನೆಗೆ ಸಂಬಂಧಪಟ್ಟದ್ದಲ್ಲ.

ಬ್ಲೇಡು ಮತ್ತು ಸೂಜಿ ಅವರ ಉತ್ತರ

ಕಾಂಡ ಮತ್ತು ಎಲೆಯ ವಿಷಯ ಸಾಕಷ್ಟಾಯಿತು. ದಾಸವಾಳವನ್ನು ಯಾರೂ ಮುಟ್ಟಲಿಲ್ಲ. ಹೂವಿನಲ್ಲಿ ತಪ್ಪುವವರೇ ಹೆಚ್ಚು, ಅದಕ್ಕೆ ಕಾರಣ ಹೂವನ್ನು ಮೇಲಿನಿಂದ ನೋಡಿ ಚಿತ್ರ ಬರೆಯುವ ಅಭ್ಯಾಸ. ಹೂವನ್ನು ಕತ್ತರಿಸಬೇಕು, ಅದೂ ಎರಡು ರೀತಿಯಲ್ಲಿ: ಒಂದು ಹೂವನ್ನು ತೊಟ್ಟಿನಿಂದ ತುದಿಯವರೆಗೆ ಉದ್ದಕ್ಕೆ ಸೀಳಬೇಕು, ಇನ್ನೊಂದರ ಅಂಡಾಶಯವನ್ನು ಅಡ್ಡಕ್ಕೆ ಕತ್ತರಿಸಬೇಕು. ಈ ಎರಡು ಕೊಯ್ತಗಳಿಲ್ಲದೆ ಬರೆದ ಪುಷ್ಪಚಿತ್ರ ಪುಸ್ತಕದ ನಕಲಷ್ಟೇ.

ದಾಸವಾಳವನ್ನು ಹೊರಗಿನಿಂದ ಬಿಡಿಸುತ್ತ ಬನ್ನಿ. ಎಲ್ಲಕ್ಕಿಂತ ಹೊರಗೆ ಸಣ್ಣ ಹಸಿರು ಎಸಳುಗಳ ಒಂದು ಸುತ್ತಿದೆ. ಅವು ಪುಷ್ಪಪತ್ರಗಳಲ್ಲ, ಉಪಪುಷ್ಪಪಾತ್ರೆ. ಅದರೊಳಗೆ ಬುಡದಲ್ಲಿ ಕೂಡಿಕೊಂಡ ಐದು ಪುಷ್ಪಪತ್ರಗಳು, ಇವುಗಳ ಸುತ್ತೇ ಪುಷ್ಪಪಾತ್ರೆ. ಮೊಗ್ಗಿನಲ್ಲಿ ಇವುಗಳ ಅಂಚುಗಳು ಒಂದಕ್ಕೊಂದು ತಾಗುತ್ತವೆ, ಮೇಲೆ ಹಾಯುವುದಿಲ್ಲ. ನಂತರ ಐದು ದಳಗಳು, ಒಂದರ ಅಂಚು ಪಕ್ಕದ್ದರ ಮೇಲೆ ಹಾಯ್ದು ಸುತ್ತಿಕೊಂಡಿರುತ್ತವೆ. ಅರಳುವ ಮುನ್ನಾದಿನದ ಮೊಗ್ಗನ್ನು ಅಡ್ಡ ಕತ್ತರಿಸಿದರೆ ಈ ತಿರುವು ಚಕ್ರದಂತೆ ಕಾಣುತ್ತದೆ. ಈಗ ಒಂದು ದಳವನ್ನು ನಿಧಾನವಾಗಿ ಎಳೆಯಿರಿ. ಅದು ಒಂಟಿಯಾಗಿ ಬರಲೊಪ್ಪುವುದಿಲ್ಲ, ಮಧ್ಯದ ಕೊಳವೆಯನ್ನೂ ಎಳೆಯುತ್ತದೆ, ಏಕೆಂದರೆ ದಳಗಳ ಬುಡವೂ ಆ ಕೊಳವೆಯ ಬುಡವೂ ಕೂಡಿಕೊಂಡಿವೆ. ದಳಗಳ ಜೊತೆಗೆ ಅಂಟಿಕೊಂಡಿರುವ ವಸ್ತು ಶಲಾಕೆಯಾಗಿರಲಾರದು ಎಂಬ ಅನುಮಾನ ನಿಮಗೆ ಇಲ್ಲಿಯೇ ಬರಬೇಕಿತ್ತು.

ಆ ಕೊಳವೆಯ ಮೇಲ್ಮೈಯಲ್ಲಿ ಸಣ್ಣ ಕಡ್ಡಿಗಳ ತುದಿಗೆ ಮೂತ್ರಪಿಂಡದ ಆಕಾರದ ಪರಾಗಕೋಶಗಳಿವೆ. ಕೇಸರದಂಡಗಳೆಲ್ಲ ಕೂಡಿ ಒಂದೇ ಕಟ್ಟಾಗಿ, ಆ ಕಟ್ಟೇ ಕೊಳವೆಯಾಗಿದೆ, ಇದು ಕೇಸರನಾಳ. ಬ್ಲೇಡಿನ ಮೂಲೆಯಿಂದ ಅದನ್ನು ಉದ್ದಕ್ಕೆ, ತುಸುವೇ ಆಳಕ್ಕೆ ಸೀಳಿ ಸೂಜಿಯಿಂದ ಅಗಲಿಸಿದರೆ ಒಳಗೆ ಬಿಳಿಯ ದಾರದಂತಹ ಎಳೆಯೊಂದು ಯಾವುದಕ್ಕೂ ಅಂಟಿಕೊಳ್ಳದೆ ಸಲೀಸಾಗಿ ಜಾರುತ್ತದೆ. ಅದೇ ಶಲಾಕಾನಳಿಕೆ. ಮೇಲಕ್ಕೆ ಹಿಂಬಾಲಿಸಿದರೆ ಕೊಳವೆಯ ಬಾಯಿಂದ ಹೊರಬಂದು ಐದಾಗಿ ಕವಲೊಡೆದು ವೆಲ್ವೆಟ್ ಗುಂಡಿಯಂತಹ ಐದು ಶಲಾಕಾಗ್ರಗಳಲ್ಲಿ ಕೊನೆಯಾಗುತ್ತದೆ. ಕೆಳಕ್ಕೆ ಹಿಂಬಾಲಿಸಿದರೆ ಅಂಡಾಶಯಕ್ಕೆ ಇಳಿಯುತ್ತದೆ. ಅಂಡಾಶಯವನ್ನು ಅಡ್ಡ ಕತ್ತರಿಸಿದಾಗ ಐದು ಕೋಣೆಗಳೂ, ಮುಂದೆ ಬೀಜಗಳಾಗುವ ಅಂಡಕಗಳೆಲ್ಲ ನಡುವಿನ ಕಂಬಕ್ಕೆ ಅಂಟಿಕೊಂಡಿರುವುದೂ ಕಾಣುತ್ತವೆ. ಅಕ್ಷೀಯ ಜರಾಯುವಿನ್ಯಾಸ ಎಂಬ ಭಾರವಾದ ಪದಕ್ಕೆ ಇಷ್ಟೇ ಅರ್ಥ. ಶಲಾಕಾಗ್ರ ಐದು, ಕೋಣೆ ಐದು; ಹಾಗಾಗಿ ಐದು ಕಾರ್ಪೆಲ್‌ಗಳು, ಅಂದರೆ ಅಂಡಕ ಹೊರುವ ಐದು ಘಟಕಗಳು, ಕೂಡಿ ಆದ ಅಂಡಾಶಯವಿದು.

ಆದರೆ ಕೋಣೆ ಎಣಿಸಿ ಕಾರ್ಪೆಲ್ ಸಂಖ್ಯೆ ಹೇಳುವುದು ಎಲ್ಲ ಕಡೆಗೂ ಒಗ್ಗುವುದಿಲ್ಲ. ಸಾಸಿವೆಯ ಎಳೆಕಾಯಿಯನ್ನು ಅಡ್ಡ ಕತ್ತರಿಸಿದರೆ ಎರಡು ಕೋಣೆ ಕಾಣುತ್ತವೆ. ಎರಡು ಕಾರ್ಪೆಲ್ ಎಂಬುದೇನೋ ನಿಜ, ಆದರೆ ನಡುವಿನ ಪರದೆ ನಂತರ ಬೆಳೆದ ಹುಸಿಗೋಡೆ. ಅಂಡಕಗಳು ಹುಟ್ಟುವುದು ಅಂಚಿನ ಗೋಡೆಯಲ್ಲಿ. ಆದ್ದರಿಂದ ಅಂಡಕದ ಎಳೆ ಎಲ್ಲಿ ಅಂಟಿದೆ ಎಂದು ಮಸೂರದಲ್ಲಿ ನೋಡಿದ ಮೇಲೆಯೇ ಜರಾಯುವಿನ್ಯಾಸ ಬರೆಯಿರಿ. ಸಾಸಿವೆ ಹೂವಿನ ಕೇಸರಗಳನ್ನೂ ಎಣಿಸಿ: ಆರು, ಅವುಗಳಲ್ಲಿ ಹೊರಗಿನ ಎರಡು ಗಿಡ್ಡ, ಒಳಗಿನ ನಾಲ್ಕು ಉದ್ದ. ಬಟಾಣಿಯ ಹೂವಿನಲ್ಲಿ ಹತ್ತು ಕೇಸರಗಳಿದ್ದು, ಒಂಬತ್ತು ಒಂದು ತೊಟ್ಟಿಲಿನಂತೆ ಕೂಡಿಕೊಂಡರೆ ಹತ್ತನೆಯದು ಬಿಡಿಯಾಗಿ ನಿಲ್ಲುತ್ತದೆ. ಒಂದೇ ಕಾರ್ಪೆಲ್, ಅಂಡಕಗಳೆಲ್ಲ ಒಂದೇ ಅಂಚಿನಲ್ಲಿ ಸಾಲುಗಟ್ಟಿವೆ. ಬಟಾಣಿಯ ಕಾಯಿಯನ್ನು ಬಿಡಿಸಿದ ಯಾರೂ ಆ ಸಾಲನ್ನು ನೋಡಿಯೇ ಇರುತ್ತಾರೆ, ಹೆಸರು ಗೊತ್ತಿರುವುದಿಲ್ಲ ಅಷ್ಟೆ.

ಉಚ್ಚ ಅಂಡಾಶಯ, ನೀಚ ಅಂಡಾಶಯ ಎಂಬ ಜೋಡಿಪದವೂ ಹಲವರನ್ನು ಗೊಂದಲಕ್ಕೆ ಕೆಡವುತ್ತದೆ. ಉಳಿದ ಭಾಗಗಳು ಅಂಡಾಶಯದ ಕೆಳಗಿನಿಂದ ಹೊರಟರೆ ಅಂಡಾಶಯ ಉಚ್ಚ, ಅದರ ನೆತ್ತಿಯ ಮೇಲಿನಿಂದ ಹೊರಟರೆ ನೀಚ. ಇದನ್ನು ತಿಳಿಯಲು ಹೂವೇ ಬೇಕೆಂದಿಲ್ಲ, ಹಣ್ಣು ಸಾಕು. ಬದನೆಯ ಹಸಿರು ಟೊಪ್ಪಿಗೆ ಉಳಿದುಕೊಂಡ ಪುಷ್ಪಪಾತ್ರೆ, ಅದು ತೊಟ್ಟಿನ ಕಡೆಗಿದೆ. ಹಾಗಾಗಿ ಬದನೆಯದು ಉಚ್ಚ ಅಂಡಾಶಯ. ಸೀಬೆಯ ಮತ್ತು ದಾಳಿಂಬೆಯ ಕಿರೀಟವೂ ಪುಷ್ಪಪಾತ್ರೆಯೇ, ಅದು ತೊಟ್ಟಿಗೆ ಎದುರಿನ ತುದಿಯಲ್ಲಿದೆ. ಅವುಗಳದು ನೀಚ ಅಂಡಾಶಯ. ಕುಂಬಳದ ಹೆಣ್ಣುಹೂವಿನಲ್ಲಿ ದಳಗಳ ಕೆಳಗೆ ಪುಟ್ಟ ಕಾಯಿಯೊಂದು ಮೊದಲೇ ಸಿದ್ಧವಾಗಿ ಕುಳಿತಂತೆ ಕಾಣುವುದೂ ಇದೇ ಕಾರಣಕ್ಕೆ. ಗಂಡುಹೂವಿನ ಕೆಳಗೆ ಬರಿಯ ತೊಟ್ಟಿರುತ್ತದೆ.

ಹೂಗೊಂಚಲಿನ ವರ್ಗೀಕರಣ ಉದ್ದವಾಗಿದೆ, ಆದರೆ ಮೊದಲ ಪ್ರಶ್ನೆ ಒಂದೇ: ಅತ್ಯಂತ ಹಳೆಯ ಹೂವು ಎಲ್ಲಿದೆ? ದಿಂಡಿನ ಬುಡದಲ್ಲಿದ್ದು ತುದಿ ಇನ್ನೂ ಬೆಳೆಯುತ್ತಿದ್ದರೆ ರೆಸಿಮೋಸ್, ತುದಿಯಲ್ಲೇ ಇದ್ದು ದಿಂಡಿನ ಬೆಳವಣಿಗೆ ಅಲ್ಲಿಗೆ ನಿಂತಿದ್ದರೆ ಸೈಮೋಸ್. ಸೂರ್ಯಕಾಂತಿಯ ಒಂದು ಹಳದಿ ಎಸಳನ್ನು ಬುಡಸಮೇತ ಕಿತ್ತು ನೋಡಿದರೆ ಅದರ ಕೆಳಗೆ ಪುಟ್ಟ ಅಂಡಾಶಯ ಸಿಗುತ್ತದೆ. ಎಸಳೆಂದುಕೊಂಡದ್ದು ಇಡೀ ಹೂವು, ಹೂವೆಂದುಕೊಂಡದ್ದು ಗೊಂಚಲು.

ಹಳೆಯ ಹರ್ಬೇರಿಯಂ

ಮೇಲಿನ ಉತ್ತರಗಳು ಸರಿಯಾಗಿವೆ. ಆದರೂ ಕೈಮಸೂರ ಅವರು ಸ್ಥಾನದ ನಿಯಮವನ್ನು ಹೇಳಿದ ಧಾಟಿಯಲ್ಲಿ ಅದು ಎಲ್ಲಿಯೂ ಸೋಲುವುದಿಲ್ಲವೇನೋ ಎಂಬ ಭಾವನೆ ಬರುತ್ತದೆ, ಆದ್ದರಿಂದ ಕೆಲವು ತಕರಾರುಗಳನ್ನು ಮುಂದಿಡುತ್ತೇನೆ. ಎಲೆಯ ತುದಿಯಲ್ಲಿ ಬೆಳೆಯುವ ಮೊಗ್ಗಿರುವುದಿಲ್ಲ ಎಂದು ಸಾಮಾನ್ಯವಾಗಿ ಕಲಿಸುತ್ತಾರೆ. ಬೇವಿನ ಕುಟುಂಬಕ್ಕೇ ಸೇರಿದ ಗ್ವಾರಿಯಾ ಮತ್ತು ಚಿಸೋಕೀಟಾನ್ ಮರಗಳ ಸಂಯುಕ್ತ ಎಲೆಗಳ ತುದಿಯಲ್ಲಿ ಮೊಗ್ಗಿದ್ದು, ಅದು ಆಗಾಗ ಹೊಸ ಕಿರುಎಲೆಗಳನ್ನು ಬಿಡುತ್ತ ಹೋಗುತ್ತದೆ. ಕಾಡುಬಸಳೆಯ ಎಲೆಯಂಚಿನ ಕಚ್ಚುಗಳಲ್ಲಿ ಇಡೀ ಮರಿಗಿಡಗಳೇ ಹುಟ್ಟುತ್ತವೆ. ಕೀಟಗಳನ್ನು ಹಿಡಿಯುವ ಯುಟ್ರಿಕ್ಯುಲೇರಿಯಾದಲ್ಲಿ ಬೇರೇ ಇಲ್ಲ, ಉಳಿದ ದೇಹದಲ್ಲಿ ಯಾವುದು ಎಲೆ ಯಾವುದು ಕಾಂಡ ಎಂದು ಗೆರೆ ಎಳೆಯುವುದು ತಜ್ಞರಿಗೂ ಕಷ್ಟ. ವುಲ್ಫಿಯಾ ಹೂಬಿಡುವ ಸಸ್ಯವೇ, ಆದರೆ ಒಂದು ಮಿಲಿಮೀಟರಿನ ಆಸುಪಾಸಿನ ಹಸಿರು ಕಾಳು; ಅದರಲ್ಲಿ ಗೆಣ್ಣು ಹುಡುಕುವವರ ಕಣ್ಣು ನೋಯುತ್ತದೆ.

ಕಂಕುಳ ಮೊಗ್ಗಿನ ಜೊತೆಗೆ ಇನ್ನೊಂದು ಸಾಕ್ಷಿಯನ್ನೂ ಸೇರಿಸಿಕೊಳ್ಳಿ: ಸಸಿ. ಆಸ್ಟ್ರೇಲಿಯ ಮೂಲದ ಅಕೇಶಿಯ ಆರಿಕ್ಯುಲಿಫಾರ್ಮಿಸ್ ಮರದ ಕುಡುಗೋಲಿನಂತಹ ಎಲೆಗಳು ನಿಜವಾಗಿ ಅಗಲವಾದ ಎಲೆತೊಟ್ಟುಗಳು. ಬೆಳೆದ ಮರದ ಮುಂದೆ ನಿಂತು ಇದನ್ನು ಯಾರಿಗಾದರೂ ಹೇಳಿದರೆ ನಂಬುವುದಿಲ್ಲ. ಬೀಜ ಮೊಳೆತು ಬಂದ ಸಸಿಯಲ್ಲಿ ಮೊದಲು ಗರಿಯಂತಹ ಸಂಯುಕ್ತ ಎಲೆಗಳು ಬರುತ್ತವೆ, ನಂತರದವುಗಳಲ್ಲಿ ತೊಟ್ಟು ಅಗಲವಾಗಿ ತುದಿಯಲ್ಲಿ ಗರಿ ಕಿರಿದಾಗಿರುತ್ತದೆ, ಇನ್ನೂ ಮೇಲಿನವುಗಳಲ್ಲಿ ಗರಿಯೇ ಇಲ್ಲವಾಗುತ್ತದೆ. ಒಂದು ಗೇಣಿನ ಸಸಿಯಲ್ಲಿ ಇಡೀ ಕಥೆ ಬುಡದಿಂದ ತುದಿಗೆ ಬರೆದಿಟ್ಟಂತಿರುತ್ತದೆ.

ಹೂವಿನ ಭಾಗಗಳನ್ನು ಸುತ್ತುಸುತ್ತಾಗಿ ಏಕೆ ಬಿಡಿಸಬೇಕು ಎಂಬುದಕ್ಕೂ ಆಳವಾದ ಕಾರಣವಿದೆ. ಜರ್ಮನ್ ಕವಿ ಗಯಟೆ 1790ರಲ್ಲಿ ಪ್ರಕಟಿಸಿದ ಒಂದು ಪ್ರಬಂಧದಲ್ಲಿ ಪುಷ್ಪಪತ್ರ, ದಳ, ಕೇಸರ, ಶಲಾಕೆಗಳೆಲ್ಲ ಎಲೆಯಂತಹ ಒಂದೇ ಮೂಲ ಅಂಗದ ರೂಪಾಂತರಗಳು ಎಂದು ವಾದಿಸಿದ್ದ. 1991ರಲ್ಲಿ ಎನ್ರಿಕೊ ಕೋಯೆನ್ ಮತ್ತು ಎಲಿಯಟ್ ಮೇಯರೋವಿಟ್ಜ್ ಮುಂದಿಟ್ಟ ಎ-ಬಿ-ಸಿ ಮಾದರಿ ಆ ವಿಚಾರಕ್ಕೆ ಜೀನುಗಳ ಆಧಾರ ಒದಗಿಸಿತು. ಸಾಸಿವೆಯ ಕುಟುಂಬದ ಅರಬಿಡಾಪ್ಸಿಸ್ ಎಂಬ ಸಣ್ಣ ಗಿಡ ಮತ್ತು ಸ್ನ್ಯಾಪ್‌ಡ್ರ್ಯಾಗನ್ ಅದಕ್ಕೆ ಆಧಾರವಾದ ಸಸ್ಯಗಳು. ಎ ಗುಂಪಿನ ಜೀನುಗಳು ಮಾತ್ರ ಕೆಲಸ ಮಾಡುವ ಸುತ್ತಿನಲ್ಲಿ ಪುಷ್ಪಪತ್ರ, ಎ ಮತ್ತು ಬಿ ಕೂಡಿದಲ್ಲಿ ದಳ, ಬಿ ಮತ್ತು ಸಿ ಕೂಡಿದಲ್ಲಿ ಕೇಸರ, ಸಿ ಮಾತ್ರವಿದ್ದಲ್ಲಿ ಕಾರ್ಪೆಲ್. ಸಿ ಕೆಟ್ಟರೆ ಎ ಗುಂಪು ಒಳಗಿನ ಸುತ್ತುಗಳಿಗೂ ಹರಡುತ್ತದೆ. ಆಗ ಕೇಸರ ಬರಬೇಕಾದ ಜಾಗದಲ್ಲಿ ದಳಗಳು ಬರುತ್ತವೆ. ಎ, ಬಿ, ಸಿ ಮೂರೂ ಕೆಟ್ಟ ಗಿಡದಲ್ಲಿ ನಾಲ್ಕೂ ಸುತ್ತುಗಳಲ್ಲಿ ಎಲೆಯಂತಹ ಅಂಗಗಳೇ ಮೂಡುತ್ತವೆ.

ಪ್ರಯೋಗಾಲಯವಿಲ್ಲದೆಯೂ ಇದರ ಒಂದು ತುಣುಕನ್ನು ನೋಡಬಹುದು. ಸುತ್ತು ದಾಸವಾಳದ, ಅಂದರೆ ಮುದ್ದೆಯಂತೆ ಹಲವು ದಳಗಳಿರುವ ತಳಿಯ, ಒಂದು ಹೂವನ್ನು ಹೊರಗಿನಿಂದ ಒಳಕ್ಕೆ ಒಂದೊಂದೇ ದಳ ಕಿತ್ತು ಕಾಗದದ ಮೇಲೆ ಸಾಲಾಗಿ ಇಡಿ. ಒಳಗಿನವುಗಳ ಅಂಚನ್ನು ಬಿಡದೆ ನೋಡಿ.

ಎಳೆಚಿಗುರು

ನೋಡಿದೆ. ಹೊರಗಿನ ಐದು ದಳಗಳು ಅಗಲವಾಗಿ, ಮಾಮೂಲಿ ದಾಸವಾಳದಂತೆಯೇ ಇದ್ದವು. ಅಲ್ಲಿಂದ ಒಳಗಿನವು ಕಿರಿದಾಗುತ್ತ, ಸುಕ್ಕುಗಟ್ಟುತ್ತ ಹೋದವು, ಅವುಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಕೇಸರನಾಳದ ಮೇಲಿನಿಂದಲೇ. ಹದಿನಾಲ್ಕನೆಯದನ್ನು ಕಾಗದಕ್ಕೆ ಅಂಟಿಸಿ ಇಟ್ಟುಕೊಂಡಿದ್ದೇನೆ: ಒಂದು ಬದಿ ಪೂರ್ತಿ ಕೆಂಪು ದಳ, ಇನ್ನೊಂದು ಬದಿಯ ಅಂಚು ಒಳಕ್ಕೆ ಮಡಿಸಿಕೊಂಡು ಅದರ ಮೇಲೆ ಒಂದು ಹಳದಿ ಪರಾಗಕೋಶ ಅಂಟಿಕೊಂಡಿದೆ. ಸೂಜಿಯಿಂದ ಒತ್ತಿದಾಗ ಅದು ಬಿರಿದು ನಾಲ್ಕೈದು ಪರಾಗರೇಣುಗಳು ಹೊರಬಂದವು, ಮಸೂರದಲ್ಲಿ ಅವುಗಳ ಮೇಲಿನ ಮುಳ್ಳುಗಳೂ ಕಂಡವು. ನಾನು ಚಿತ್ರ ಬರೆದಿದ್ದೇನೆ, ಆದರೆ ಇದಕ್ಕೆ ದಳ ಎಂದು ಹೆಸರು ಹಚ್ಚಬೇಕೇ, ಕೇಸರ ಎಂದು ಹಚ್ಚಬೇಕೇ?

ಹಳೆಯ ಹರ್ಬೇರಿಯಂ

ಕೇಸರನಾಳದ ಮೇಲೆ ಹುಟ್ಟಿದೆ, ಆದ್ದರಿಂದ ಸ್ಥಾನದಿಂದ ಅದು ಕೇಸರ. ದಳಸದೃಶ ಕೇಸರ ಎಂದು ಬರೆಯಿರಿ, ಪರಾಗಕೋಶಕ್ಕೆ ಬೇರೆ ಗೆರೆ ಎಳೆದು ಹೆಸರು ಹಚ್ಚಿ. ಮಡಿಸಿದ ಅಂಚನ್ನು ಚಿತ್ರದಲ್ಲಿ ನೇರಗೊಳಿಸಬೇಡಿ, ಕಂಡಂತೆಯೇ ಇರಲಿ.